ಎಲ್ಲರಿಗಿಂತ ಹಗುರವಾದ ಚೀಲ

ಬೆಟ್ಟಕ್ಕೆ ಹೊರಡುವವರಿಗೆ ಎರಡು ಮಾತು ಹೇಳುವುದಿದೆ. ಒಂದು, ಹೊಸ ಶೂ ಹಾಕಿಕೊಂಡು ಹೋಗಬೇಡಿ. ಎರಡನೆಯದನ್ನು ಆಮೇಲೆ ಹೇಳುತ್ತೇನೆ. ಅದನ್ನು ಕಲಿಯಲು ನನಗೆ ಇಡೀ ಒಂದು ದಿನ ಹಿಡಿಯಿತು.

ನಾವು ಆರು ಜನ. ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತಾ ಪರಿಚಯವಾದವರು. ಹತ್ತಿ, ಇಳಿದು, ದೋಸೆ ತಿಂದು ಸುಮ್ಮನೆ ಮನೆಗೆ ಹೋಗುತ್ತಿದ್ದ ನಮಗೆ ಹಿಮಾಲಯದಲ್ಲಿ ಒಂಬತ್ತು ದಿನ ನಡೆಯುವ ಹುಚ್ಚು ಹಿಡಿಯಿತು. ನಮ್ಮಲ್ಲೊಬ್ಬರು ಸೈನ್ಯದಿಂದ ನಿವೃತ್ತರಾದವರು, ಆ ದಾರಿ ಬಲ್ಲವರು. ಕುದುರೆ ಬೇಡ, ಕೂಲಿಯವರು ಬೇಡ, ಅಡುಗೆ ಸಾಮಾನನ್ನು ದಿನಾ ಬೆಳಿಗ್ಗೆ ನಾವೇ ಹಂಚಿಕೊಂಡು ಹೊರೋಣ ಎಂದು ಅವರು ನಿಯಮ ಮಾಡಿದರು.

ಹಂಚಿಕೆ ಎಂದ ಮೇಲೆ ಚೌಕಾಸಿ ಇರಲೇಬೇಕಲ್ಲ. ಅದರಲ್ಲಿ ನನ್ನನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಹದಿನೆಂಟನೇ ವಯಸ್ಸಿಗೆ ಸ್ಟೀಲ್ ಪಾತ್ರೆಯ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಚಾಮರಾಜಪುರಂ ಬೀದಿಗಳಿಗೆ ಇಳಿದವಳು ನಾನು. ಹಳೇ ಬಟ್ಟೆ ತೆಗೆದುಕೊಂಡು ಪಾತ್ರೆ ಕೊಡುವ ವ್ಯಾಪಾರ. ಎರಡು ಪ್ಯಾಂಟು ತಂದು ದೊಡ್ಡ ಪಾತ್ರೆ ಕೇಳಿದವರು, ಮೇಲೊಂದು ಸೀರೆ ಸೇರಿಸಿ ಲೋಟ ತೆಗೆದುಕೊಂಡು ಒಳಗೆ ಹೋಗುತ್ತಿದ್ದರು. ಈಗ ಕೆಸರೆಯಲ್ಲಿ ಸ್ವಂತ ಪಾತ್ರೆ ಅಂಗಡಿ ಇದೆ.

ಮೊದಲ ದಿನ ಸ್ಟೌವನ್ನು ಇನ್ನೊಬ್ಬರ ಚೀಲಕ್ಕೆ ದಾಟಿಸಿದೆ. ಮಾರನೆಯ ದಿನ ಅಕ್ಕಿ, ಅದರ ಮಾರನೆಯ ದಿನ ಬೇಳೆ. ನಾಲ್ಕನೆಯ ಬೆಳಿಗ್ಗೆ ನನ್ನ ಪಾಲಿಗೆ ಉಳಿದದ್ದು ಕುಕ್ಕರ್. ಅಷ್ಟು ಎತ್ತರದಲ್ಲಿ ಬರೀ ಪಾತ್ರೆಯಲ್ಲಿ ಅಕ್ಕಿ ಬೇಯುವುದಿಲ್ಲ ಎಂದು ನಾನೇ ಅಂಗಡಿಯಿಂದ ತಂದದ್ದು ಅದು.

ಪಕ್ಕದಲ್ಲಿ ಮೇಷ್ಟ್ರು ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು.

"ಮೇಷ್ಟ್ರೇ, ಈ ಕುಕ್ಕರ್ ನಮ್ಮಂಗ್ಡೀದು. ಕೊಟ್ಟೋಳು ನಾನು, ಹೊರೋರು ನೀವು. ನ್ಯಾಯ ತಾನೇ?"

"ಇದ್ಯಾವ ಲೆಕ್ಕಾನಮ್ಮ?"

"ಊರಿಗೆಲ್ಲಾ ಲೆಕ್ಕ ಹೇಳ್ಕೊಟ್ಟೋರು ನೀವು, ನನ್ನ ಕೇಳ್ತೀರಲ್ಲಾ!"

ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕು, ಕುಕ್ಕರನ್ನು ತಮ್ಮ ಚೀಲಕ್ಕೆ ಕಟ್ಟಿಕೊಂಡರು. ಅಷ್ಟು ಸುಲಭವಾಗಿ ಒಪ್ಪಿದರಲ್ಲ ಎಂದು ನನಗೆ ಆಗಲೇ ಅನುಮಾನ ಬರಬೇಕಿತ್ತು.

ಒಂದು ಗಂಟೆ ನಡೆಯುವಷ್ಟರಲ್ಲಿ ಹಿಮ್ಮಡಿ ಸುಲಿಯಿತು. ಕಲ್ಲಿನ ಮೇಲೆ ಕೂತು ಶೂ ಬಿಚ್ಚಿದೆ. "ನಡೀರಿ ನಡೀರಿ, ಹಿಂದೇನೇ ಬಂದ್ಬುಡ್ತೀನಿ," ಎಂದೆ. ದಾರಿ ಒಂದೇ, ತಪ್ಪುವುದಕ್ಕೆ ಜಾಗವಿಲ್ಲ. ಅವರು ಹೊರಟರು.

ಗಾಯಕ್ಕೆ ಬಟ್ಟೆ ಸುತ್ತಿ ಎದ್ದಾಗ ಯಾರೂ ಕಾಣಲಿಲ್ಲ. ಒಬ್ಬಳೇ ನಡೆಯುವುದು ನನಗೆ ಹೊಸದಲ್ಲ. ಆದರೆ ಚಾಮರಾಜಪುರಂನಲ್ಲಿ ಒಬ್ಬಳೇ ನಡೆದರೂ ಎರಡೂ ಕಡೆ ಬಾಗಿಲುಗಳಿದ್ದವು. ಒಂದು ಬಾಗಿಲಲ್ಲಿ ಬೇಡ ಅಂದರೆ ಇನ್ನೊಂದರಲ್ಲಿ "ಇಲ್ಲಿ ಬಾಮ್ಮ" ಅನ್ನುತ್ತಿದ್ದರು. ಇಲ್ಲಿ ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ. ಬೇಡ ಅನ್ನುವುದಕ್ಕೂ ಒಂದು ಜೀವವಿಲ್ಲ. ಸ್ವಲ್ಪ ಹೊತ್ತಿಗೆ ಮಂಜು ಕವಿಯಿತು. ನನ್ನದೇ ದನಿಯಾದರೂ ಕೇಳಲಿ ಎಂದು, "ಹಳೇ ಬಟ್ಟೇಗೆ ಪಾತ್ರೇ!" ಎಂದು ಕೂಗಿದೆ. ಇಪ್ಪತ್ತು ವರ್ಷ ಕೂಗದ ಕೂಗು. ಗಂಟಲು ಅದನ್ನು ಮರೆತಿರಲಿಲ್ಲ. ನಾಲ್ಕು ಹೆಜ್ಜೆ ನಡೆದು, ನಿಂತು ಕಾದೆ, ಯಾಕೋ.

ಮಂಜು ಸರಿದಾಗ ಕೆಳಗಿನ ತಿರುವಿನಲ್ಲಿ ಅವರು ಕಂಡರು. ನಾಲ್ಕು ಜನ ಕೂತಿದ್ದರು. ನನಗಾಗಿ ಕಾಯುತ್ತಿದ್ದಾರೆ ಎಂದು ಎದೆ ತುಂಬಿ ಬಂತು. ಛತ್ರಿ ಎತ್ತಿ ಬೀಸಿದೆ, ಕುಂಟುತ್ತಲೇ ಬೇಗ ಹೆಜ್ಜೆ ಹಾಕಿದೆ. ಅಷ್ಟರಲ್ಲಿ ಅವರಿಗೂ ನನಗೂ ನಡುವೆ ಇನ್ನೊಬ್ಬರು ನಿಧಾನವಾಗಿ ಇಳಿಯುತ್ತಿರುವುದು ಕಾಣಿಸಿತು. ಮೇಷ್ಟ್ರು. ಒಬ್ಬರು ಎದ್ದು ಎದುರು ಬಂದು ಅವರ ಕೈ ಹಿಡಿದುಕೊಂಡರು. ಕೂರಿಸಿದರು. ಸ್ಟೌ ಹೊತ್ತಿತು. ಏನೋ ಕುಡಿದರು. ಆಮೇಲೆ ಐದೂ ಜನ ಎದ್ದು ಚೀಲ ಹೆಗಲಿಗೇರಿಸಿ ತಿರುವು ದಾಟಿ ಹೋದರು.

ನಾನು ಆ ಜಾಗ ಮುಟ್ಟಿದಾಗ ಕಲ್ಲಿನ ಮೇಲೆ ಟೀ ಸೊಪ್ಪು ಸುರಿದಿತ್ತು. ಮುಟ್ಟಿ ನೋಡಿದೆ. ತಣ್ಣಗಾಗಿತ್ತು.

ಅಲ್ಲೇ ಕೂತು ಚೀಲ ಬಿಚ್ಚಿದೆ. ನನ್ನ ಬಟ್ಟೆ, ನನ್ನ ಮಾತ್ರೆ, ನನ್ನ ಕಡಲೆಬೀಜ. ಇನ್ನೊಬ್ಬರಿಗೆ ಬೇಕಾದ ಸಾಮಾನು ಒಂದೂ ಇರಲಿಲ್ಲ. ನಾಲ್ಕು ದಿನ ಚೌಕಾಸಿ ಮಾಡಿ ನಾನು ಗೆದ್ದದ್ದು ಇದು: ನಾನು ಹಿಂದೆ ಉಳಿದರೆ ಯಾರ ಊಟವೂ ನಿಲ್ಲುವುದಿಲ್ಲ. ಕಡಲೆಬೀಜ ಬಾಯಿಗೆ ಹಾಕಿಕೊಂಡೆ. ಚೀಲ ಕಟ್ಟಿ ಎದ್ದೆ.

ಡೇರೆ ಹಾಕಿದ ಜಾಗ ಸೇರಿದಾಗ ಬಿಸಿಲು ಶಿಖರದ ತುದಿಯಲ್ಲಿ ಮಾತ್ರ ಉಳಿದಿತ್ತು. ಕುಕ್ಕರ್ ಕೂಗುತ್ತಿತ್ತು.

"ಬಂದ್ರಾ ಅಕ್ಕ?" ಎಂದರು ಸೈನ್ಯದವರು. "ಹಗುರ ಚೀಲ ನಿಮ್ದು, ನಿಮ್ಗೇನ್ ಬುಡಿ, ಹಾರ್ಕೊಂಡ್ ಬರ್ತೀರಾ ಅಂತ ನಾವ್ ನಡುದ್ಬುಟ್ವಿ."

ಅವರ ಮಾತಿನಲ್ಲಿ ಕೊಂಕಿರಲಿಲ್ಲ. ಬಿಸಿ ಅನ್ನ ಬಡಿಸಿದರು. ಉಂಡು ತಟ್ಟೆ ತೊಳೆದಿಟ್ಟೆ.

ಬೆಳಿಗ್ಗೆ ಹಂಚಿಕೆಗೆ ಕೂರುವ ಮೊದಲೇ ಮೇಷ್ಟ್ರ ಹತ್ತಿರ ಹೋದೆ.

"ಕುಕ್ಕರ್ ಇಲ್ಲಿ ಕೊಡಿ ಮೇಷ್ಟ್ರೇ, ನಾನು ಹೊರ್ತೀನಿ."

"ಬದಲಿಗೆ ಏನ್ ಕೇಳ್ತೀರಿ?"

"ಏನೂ ಬೇಡ."

ಅವರು ನನ್ನ ಮುಖ ನೋಡಿದರು. ಆಮೇಲೆ ಕುಕ್ಕರನ್ನು ಮಡಿಲಿಗೆಳೆದುಕೊಂಡರು. "ಆಗಲ್ಲಮ್ಮ. ಈ ಮೊಣಕಾಲು ಇಟ್ಕೊಂಡು ನಿನ್ನೆ ನಾನು ಇಲ್ಲೀವರೆಗೆ ಬಂದಿದ್ದೇ ಇದರಿಂದ. ನಾನೆಲ್ಲಿ ಕೂತ್ರೂ ಇವರು ಬಂದು ಎಬ್ಬಿಸ್ಕೊಂಡು ಹೋಗ್ತಾರೆ ಅಂತ್ಲೇ ಇದನ್ನ ತಗೊಂಡಿದ್ದು."

ಹಾಗಾದರೆ ಇವರಿಗೆ ಮೊದಲೇ ಗೊತ್ತಿತ್ತು! ನನ್ನ ಅಂಗಡಿಯ ಸಾಮಾನಿನ ನಿಜವಾದ ಬೆಲೆ ತಿಳಿದು, ಸುಮ್ಮನೆ ನಕ್ಕು ತಮ್ಮ ಚೀಲಕ್ಕೆ ಹಾಕಿಕೊಂಡಿದ್ದರು. ನನಗೆ ಸಿಟ್ಟು ಬರಲಿಲ್ಲ. ಕಣ್ಣಲ್ಲಿ ನೀರು ಬಂತು. ಬೇರೆ ಕಡೆ ತಿರುಗಿಕೊಂಡೆ.

"ಇಲ್ನೋಡಿಮ್ಮ," ಎಂದರು. ಕುಕ್ಕರಿನ ಮುಚ್ಚಳದಿಂದ ವಿಷಲ್ ಕಿತ್ತು ನನ್ನ ಅಂಗೈಯಲ್ಲಿಟ್ಟರು. "ಇದು ನಿಮ್ಮ ಹತ್ರ ಇರ್ಲಿ. ಇದಿಲ್ದೆ ಅನ್ನ ಆಗಲ್ಲ. ನಿಮ್ಮ ಹತ್ರ ಇದೆ ಅಂತ ಎಲ್ರಿಗೂ ಹೇಳ್ತೀನಿ."

ಅಂಥವನ್ನು ಅಂಗಡಿಯಲ್ಲಿ ಎಷ್ಟು ಮಾರಿದ್ದೇನೋ. ಒಂದು ನಿಂಬೆಹಣ್ಣಿನಷ್ಟೂ ಭಾರವಿಲ್ಲ. ಸ್ವೆಟರಿನ ಜೇಬಿಗೆ ಹಾಕಿ ಮೇಲೆ ಕೈಯಿಟ್ಟುಕೊಂಡು ನಡೆದೆ. ನನ್ನ ಎರಡನೆಯ ಮಾತು ಇದೇ: ಏನನ್ನು ಬಿಟ್ಟರೂ, ಎಲ್ಲರಿಗೂ ಬೇಕಾದ ಒಂದನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ಹಿಮ್ಮಡಿ ಮತ್ತೆ ಸುಲಿಯಿತು. ಮತ್ತೆ ಹಿಂದೆ ಉಳಿದೆ. ಮೂರನೆಯ ತಿರುವಿನಲ್ಲಿ ಐದು ಜನ ಕೂತಿದ್ದರು.

"ಬೇಗ ಬನ್ನಿ ಅಕ್ಕ, ಹೊಟ್ಟೆ ಹಸೀತಾ ಅದೆ! ವಿಷಲ್ ಅದೆ ತಾನೇ?"

ಇದೆ ಎಂದು ಜೇಬು ತಟ್ಟಿ ತೋರಿಸಿದೆ. ಅವರು ಕಾದದ್ದು ಯಾವುದಕ್ಕೆ ಎಂದು ನಾನು ಕೇಳಲಿಲ್ಲ. ಒಬ್ಬರು ಸರಿದು ಕೂತು ಜಾಗ ಕೊಟ್ಟರು.