ಎಂಟನೇ ಕೊಳವೆ

ಸಂಜೆ ಐದಾಗುವಷ್ಟರಲ್ಲಿ ಮುರುಗೆಪ್ಪನ ಬಲಗೈ ಅವನ ಮಾತನ್ನೇ ಕೇಳುತ್ತಿರಲಿಲ್ಲ. ಹೇಗೆ ಕೇಳೀತು ಪಾಪ? ಬೆಳಿಗ್ಗೆಯಿಂದ ಗಾಜಿನ ಬುರುಡೆಗಳಲ್ಲಿ ಮಣ್ಣು ಕುಲುಕಿ ಕುಲುಕಿ ಭುಜ ಸೋತು ಹೋಗಿರುತ್ತಿತ್ತು. ಕುಲುಕುವ ಯಂತ್ರ ಕೆಟ್ಟು ಮೂರು ವರ್ಷವಾಗಿತ್ತು. ಅದರ ರಿಪೇರಿಯ ಫೈಲು ಯಾವುದೋ ಮೇಜಿನ ಮೇಲೆ ಗಡದ್ದಾಗಿ ನಿದ್ದೆ ಹೊಡೆಯುತ್ತಿತ್ತು. ಯಂತ್ರಕ್ಕೆ ರಜೆ, ಮುರುಗೆಪ್ಪನಿಗೆ ಕೆಲಸ.

ರಾಣೆಬೆನ್ನೂರು ಕಡೆಯವನು. ಮದ್ರಾಸಿನಲ್ಲಿ ಒಣಮೆಣಸಿನಕಾಯಿ ವ್ಯಾಪಾರ ಮಾಡುತ್ತಿದ್ದ ಸೋದರಮಾವನ ಜೊತೆ ಬಂದು, ಮಂಡಿಯ ಘಾಟು ತಡೆಯಲಾರದೆ ಸೀನಿ ಸೀನಿ ಸಾಕಾಗಿ, ಅರವತ್ತೆಂಟರಲ್ಲಿ ನುಂಗಂಬಾಕ್ಕಂನ ಒಂದು ಮಣ್ಣು ಪರೀಕ್ಷೆಯ ಲ್ಯಾಬಿಗೆ ಅಟೆಂಡರ್ ಆಗಿ ಸೇರಿದ. ಮಣ್ಣಿಗೆ ಕಾಸ್ಟಿಕ್ ಸೋಡಾ ನೀರು ಹಾಕಿ ಕುಲುಕಿದರೆ ಅದು ಕಾಫಿ ಡಿಕಾಕ್ಷನ್ನಿನಂಥ ಕರಿ ನೀರು ಬಿಡುತ್ತಿತ್ತು. ಅದಕ್ಕೆ ಆ್ಯಸಿಡ್ ಹಾಕಿದರೆ ಹಾಲು ಒಡೆದಂತೆ ಒಡೆದು, ಕಪ್ಪು ಗಸಿ ತಳಕ್ಕೆ ಕೂರುತ್ತಿತ್ತು. ಸಗಣಿ, ತರಗೆಲೆ ಕೊಳೆತು ಮಣ್ಣಾದ ಮೇಲೆ ಉಳಿಯುವ ಸಾರ ಅದು. ಹ್ಯೂಮಿಕ್ ಆ್ಯಸಿಡ್ ಎಂದು ಸಾಹೇಬರು ಕರೆಯುತ್ತಿದ್ದರು. ಮುರುಗೆಪ್ಪ ಕರೆಯುತ್ತಿದ್ದದ್ದು ಕರಿ ಪೀಡೆ ಎಂದು. ಎಷ್ಟು ಉಜ್ಜಿದರೂ ಬುರುಡೆಯಿಂದ ಬಿಡುತ್ತಿರಲಿಲ್ಲ.

ಎಪ್ಪತ್ತೊಂಬತ್ತರಿಂದ ಇನ್ನೊಂದು ಕೆಲಸ ಅಂಟಿಕೊಂಡಿತು. ಲ್ಯಾಬಿನ ಮುಖ್ಯಸ್ಥ ಡಾಕ್ಟರ್ ವಿಶ್ವನಾಥ, ಮೈಸೂರಿನವರು, ಎಂಟು ಗಾಜಿನ ಕೊಳವೆಗಳನ್ನು ಸಾಲಾಗಿ ನಿಲ್ಲಿಸಿದರು. ಏಳರಲ್ಲಿ ಬಗೆಬಗೆಯ ಕರಿ ಮಣ್ಣು, ಎಂಟನೆಯದರಲ್ಲಿ ಬರೀ ಮರಳು. ತೊಗಲು ಹದ ಮಾಡುವವರು ಬಳಸುವ ಬೈಕ್ರೋಮೇಟ್ ಎಂಬ ಕ್ರೋಮಿಯಂ ಉಪ್ಪಿನ ಹಳದಿ ನೀರನ್ನು ಮೇಲಿನಿಂದ ಬಿಡುವುದು, ಕೆಳಗೆ ಬೀಳುವ ಹನಿಯ ಬಣ್ಣವನ್ನೂ ಹೊತ್ತನ್ನೂ ಪುಸ್ತಕದಲ್ಲಿ ಬರೆಯುವುದು. ಏಳು ಕೊಳವೆಗಳಿಂದ ತಿಳಿ ನೀರು, ಎಂಟನೆಯದರಿಂದ ಹಳದಿ. ಇದನ್ನು ಮುರುಗೆಪ್ಪ ನಾಲ್ಕು ವರ್ಷ ಬರೆದ. ಯಾಕೆ ಹೀಗೆ ಎಂದು ಒಮ್ಮೆಯೂ ಕೇಳಲಿಲ್ಲ. ಕೇಳಿ ಏನಾಗಬೇಕಿತ್ತು? ಆರೂ ಹತ್ತರ ಟ್ರೈನು ತಪ್ಪದಿದ್ದರೆ ಅವನಿಗೆ ಸಾಕಿತ್ತು.

ಮನೆ ಕ್ರೋಂಪೇಟೆಯಲ್ಲಿ. ಹಿತ್ತಲ ಗೋಡೆಯಾಚೆ ಮೋರಿ, ಮೋರಿಯ ಮೇಲುಗಡೆ ಹೆಸರಿಲ್ಲದ ಒಂದು ತೊಗಲಿನ ಷೆಡ್ಡು. ಮೋರಿಯ ನೀರು ಒಂದು ದಿನ ಹಸಿರು, ಒಂದು ದಿನ ಹಳದಿ. ನಾತ ಮಾತ್ರ ಎಲ್ಲ ದಿನವೂ ಒಂದೇ. ಅಂಥ ಜಾಗದಲ್ಲಿ ಅವನ ಹೆಂಡತಿ ಶಂಕ್ರಮ್ಮ ಹತ್ತು ವರ್ಷ ಸಗಣಿ, ಬೇವಿನ ಎಲೆ, ತರಕಾರಿ ಸಿಪ್ಪೆ ಸುರಿದು ಸುರಿದು ಮೊಣಕಾಲುದ್ದ ಕರಿ ಮಣ್ಣು ಎಬ್ಬಿಸಿದ್ದಳು. ಬಸಳೆ ಚಪ್ಪರ, ನಾಲ್ಕು ಬದನೆ ಗಿಡ, ನಡುವೆ ಬಾವಿ. ಬಾವಿಯ ನೀರೆಂದರೆ ಅವಳಿಗೆ ಜೀವ. ದಿನಾ ನಸುಕಿನಲ್ಲಿ ಮಿಂದು, ತಾನೇ ಸೇದಿದ ನೀರಿನಲ್ಲೇ ಲಿಂಗಪೂಜೆ ಆಗಬೇಕು. ಆಮೇಲೆಯೇ ಬಾಯಿಗೆ ಚಹಾ.

ಎಂಬತ್ತಮೂರರ ಬೇಸಿಗೆಯಲ್ಲಿ ಮುರುಗೆಪ್ಪನಿಗೆ ಎಲ್ಲಿಲ್ಲದ ಬುದ್ಧಿ ಬಂತು. ಹಿತ್ತಲ ಮಣ್ಣು ಒಂದು ಹಿಡಿ ಪೊಟ್ಟಣ ಕಟ್ಟಿ ಲ್ಯಾಬಿಗೆ ಒಯ್ದು, ಸಾಹೇಬರು ಊಟಕ್ಕೆ ಹೋದಾಗ ಆ್ಯಸಿಡ್‌ನಲ್ಲಿ ಕುದಿಸಿ, ಕ್ರೋಮಿಯಂ ಇದ್ದರೆ ನೇರಳೆಯಾಗುವ ಔಷಧಿ ಹಾಕಿದ. ನೇರಳೆ ಎಂದರೆ ಅದೆಂಥ ನೇರಳೆ! ಹತ್ತು ವರ್ಷ ಆ ಮಣ್ಣಿನ ಸೊಪ್ಪು ತಿಂದಿದ್ದೇವೆ, ಮಗಳು ಸುಗುಣಾ ಅದರಲ್ಲೇ ಆಡಿ ಬೆಳೆದಿದ್ದಾಳೆ. ಸಾಹೇಬರನ್ನು ಕೇಳಬಹುದಿತ್ತು. ಕೇಳಿದರೆ ಲ್ಯಾಬಿನ ಆ್ಯಸಿಡ್ ಕದ್ದು ಬಳಸಿದ್ದು ಹೊರಬೀಳುತ್ತದಲ್ಲ! ಬಾಯಿ ಮುಚ್ಚಿಕೊಂಡು ಮನೆಗೆ ಬಂದ. ಬಾವಿಯ ನೀರನ್ನು ಒಮ್ಮೆ ನೋಡೋಣ ಎಂದು ಆ ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ.

ಮರುವಾರ ಆಳುಗಳು ಬಂದು ಹಿತ್ತಲನ್ನು ಅಗೆದರು. ಶಂಕ್ರಮ್ಮ ಚಪ್ಪರದ ಕಂಬ ಹಿಡಿದು ನಿಂತುಬಿಟ್ಟಳು.

"ನನ್ನ ಮಣ್ಣಿಗೆ ಕೈ ಹಚ್ಚಬ್ಯಾಡ್ರಿ! ಏನ್ ಮಾಡೇತ್ರೀ ಅದು ನಿಮಗ?"

"ವಿಷ ಐತಿ ಅದರಾಗ. ನನ್ನ ಕಣ್ಣಾರೆ ನೋಡೇನಿ. ನಿನಗ ತಿಳಿಯೂದಿಲ್ಲ, ಸುಮ್ನಿರು."

"ವಿಷ ಇದ್ರ ಬಸಳಿ ಹಿಂಗ ಬೆಳೀತಿತ್ತೇನ್ರಿ?"

ಅವನು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಎರಡು ಲಾರಿ ಕರಿ ಮಣ್ಣು ಹೋಯಿತು, ಎರಡು ಲಾರಿ ಪಾಲಾರ್ ಹೊಳೆಯ ಮರಳು ಬಂತು. ಹಿತ್ತಲು ಬೆಳ್ಳಗೆ, ಚೊಕ್ಕಟವಾಗಿ ಕಂಡಿತು. ಜೀವನದಲ್ಲಿ ಮೊದಲ ಸಲ ಲ್ಯಾಬಿನ ವಿದ್ಯೆ ಮನೆಗೆ ಉಪಯೋಗವಾಯಿತು ಎಂದು ಮುರುಗೆಪ್ಪ ಅಂದು ಹೊಟ್ಟೆ ತುಂಬ ಉಂಡ.

ನವೆಂಬರಿನ ಮಳೆ ಹೊಯ್ದು ಹೋಯಿತು. ಮೋರಿ ಉಕ್ಕಿ ಗೋಡೆಯ ಬುಡದಲ್ಲಿ ವಾರಗಟ್ಟಲೆ ನಿಂತಿತ್ತು. ಜನವರಿಯ ಒಂದು ಭಾನುವಾರ ಸುಗುಣಾ ಬಾವಿ ನೀರನ್ನು ಗಾಜಿನ ಲೋಟಕ್ಕೆ ಬಗ್ಗಿಸಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದಳು. ತಮಿಳು ಶಾಲೆಯ ಹುಡುಗಿ, ಅವಸರವಾದರೆ ಅವಳ ಬಾಯಿಗೆ ತಮಿಳೇ ಬರುತ್ತಿತ್ತು.

"ಅಪ್ಪಾ, ತಣ್ಣಿ ಮಂಜಳಾ ಇರುಕ್ಕುಪಾ!"

ನೀರು ಹಳದಿಯಾಗಿತ್ತು. ಹೌದು, ತೆಳು ಹಳದಿ. ಎಷ್ಟು ದಿನದಿಂದಲೋ ಯಾರು ಬಲ್ಲರು? ಶಂಕ್ರಮ್ಮ ಸೇದುತ್ತಿದ್ದದ್ದು ಹಿತ್ತಾಳೆ ಕೊಡದಲ್ಲಿ, ತುಂಬಿಡುತ್ತಿದ್ದದ್ದು ತಾಮ್ರದ ಹಂಡೆಯಲ್ಲಿ. ಅದರಲ್ಲಿ ಹಳದಿ ಎಲ್ಲಿ ಕಾಣಬೇಕು! ತಿಂಗಳಿಂದ ಅವಳ ಬೆರಳ ಸಂದಿಯಲ್ಲಿ ಚರ್ಮ ಬಿರಿದು ಕೆಂಪಗಾಗಿತ್ತು. ಸೋಪು ಆಗಿಬರುತ್ತಿಲ್ಲ ಎಂದುಕೊಂಡು ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು.

ಸೋಮವಾರ ಮುರುಗೆಪ್ಪ ಸೀಸೆಯಲ್ಲಿ ಆ ನೀರು ಹಿಡಿದುಕೊಂಡು ಹೋಗಿ ಡಾಕ್ಟರ್ ವಿಶ್ವನಾಥರ ಮೇಜಿನ ಮೇಲಿಟ್ಟ. ಕದ್ದ ಆ್ಯಸಿಡ್ಡು, ನೇರಳೆ ಬಣ್ಣ, ಎರಡು ಲಾರಿ ಮಣ್ಣು, ಎಲ್ಲವನ್ನೂ ಕಕ್ಕಿಬಿಟ್ಟ. ಅವರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ಅಯ್ಯೋ, ಎಂಥ ಕೆಲಸ ಮಾಡ್ಬಿಟ್ರಿ ಮುರುಗೆಪ್ಪನೋರೆ," ಎಂದರು. "ಮಣ್ಣಲ್ಲಿ ಎಷ್ಟಿದೆ ಅನ್ನೋದು ಬೇರೆ, ಅದರಲ್ಲಿ ನೀರಿಗೆ ಎಷ್ಟು ಬಿಡುತ್ತೆ ಅನ್ನೋದು ಬೇರೆ. ಆ ಕರಿ ಸಾರ ಇದೆಯಲ್ಲ, ಅದು ಹಳದಿ ಕ್ರೋಮಿಯಮ್ಮನ್ನ ಕೆಡುಕು ಕಮ್ಮಿ ಇರೋ ರೂಪಕ್ಕೆ ತಿರುಗಿಸಿ ಬಿಗಿಯಾಗಿ ಹಿಡ್ಕೊಂಡು ಕೂತಿರುತ್ತೆ. ನೀರಿಗೆ ಬಿಟ್ಟುಕೊಡಲ್ಲ. ನಿಮ್ಮ ಮಣ್ಣಲ್ಲಿ ಅಷ್ಟೊಂದು ಸಿಕ್ಕಿದ್ದೇ ಅದಕ್ಕೆ ಕಣ್ರೀ. ಹತ್ತು ವರ್ಷ ಬಾವಿಗೆ ಹೋಗದೇ ಇರೋ ಹಾಗೆ ಅದು ಹಿಡಿದದ್ದು."

ಆಮೇಲೆ ಗೋಡೆಯ ಕಡೆ ನೋಡಿದರು. ಅಲ್ಲಿ ಎಂಟು ಕೊಳವೆಗಳು ನಿಂತಿದ್ದವು. ಕೊನೆಯದರಿಂದ ಹಳದಿ ಹನಿ ತೊಟ್ಟಿಕ್ಕುತ್ತಿತ್ತು. ಶನಿವಾರ ಅದಕ್ಕೆ ಮರಳು ತುಂಬಿದವನು ಮುರುಗೆಪ್ಪನೇ.

ಅಂದು ಸಂಜೆ ಕ್ರೋಂಪೇಟೆಯಲ್ಲಿ ಇಳಿದರೂ ಅವನಿಗೆ ಮನೆಗೆ ಹೋಗಲು ಕಾಲು ಬರಲಿಲ್ಲ. ಸ್ಟೇಷನ್ನಿನ ಬೆಂಚಿನ ಮೇಲೆ ಎರಡು ಟ್ರೈನು ಹೋಗುವವರೆಗೂ ಕೂತಿದ್ದ. ಮನೆಗೆ ಬಂದಾಗ ಶಂಕ್ರಮ್ಮ ಬೀದಿ ಪಂಪಿನಿಂದ ನೀರು ಹೊತ್ತು ತಂದು, ನಡುಮನೆಯಲ್ಲಿ ಕೂತು ಕೈಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದಳು. ಅವನು ಎದುರಿಗೆ ಕೂತು ಎಂಟು ಕೊಳವೆಗಳ ಕತೆಯನ್ನು ಬಿಡದೆ ಹೇಳಿದ. ಅವಳು ಬಟ್ಟೆಯ ಗಂಟು ಹಾಕುವುದನ್ನು ನಿಲ್ಲಿಸಿ ಕೇಳಿದಳು.

"ಎಷ್ಟು ವರ್ಷ ಅಂದ್ರಿ?"

"ನಾಲ್ಕು."

"ನಾಲ್ಕು ವರ್ಷ ಅದು ದಿನಾ ನಿಮ್ಮ ಕಣ್ಣ ಮುಂದ ಹಳದಿ ಆಗ್ತಿತ್ತು. ಒಂದ ದಿನಾನೂ ನಿಮಗ ನಮ್ಮ ಹಿತ್ತಲ ನೆನಪಾಗಲಿಲ್ಲೇನ್ರಿ?"

ಆಗಲಿಲ್ಲ ಎಂದ ಮುರುಗೆಪ್ಪ.

ಮರುದಿನ ಅವನು ಲ್ಯಾಬಿನ ಹಿಂದಿನ ಮರದಡಿ ಕೊಳೆಯುತ್ತಿದ್ದ ತರಗೆಲೆಯನ್ನು ಎರಡು ಗೋಣಿಚೀಲಕ್ಕೆ ತುಂಬಿ ಟ್ರೈನಿನಲ್ಲಿ ತಂದ. ಪಕ್ಕದವರು ಮೂಗು ಮುಚ್ಚಿಕೊಂಡು ಜಾಗ ಬಿಟ್ಟರು. ಹಿತ್ತಲಿಗೆ ಬಂದು, ಬಾವಿಯ ಸುತ್ತ ಸುರಿಯಲೆಂದು ಚೀಲದ ಬಾಯಿ ಬಿಚ್ಚುತ್ತಿದ್ದಾಗ ಶಂಕ್ರಮ್ಮ ಬಾಗಿಲಿಗೆ ಬಂದು ನಿಂತಳು. ಎರಡು ದಿನದಿಂದ ಅವಳ ಪೂಜೆ ಬೀದಿ ಪಂಪಿನ ನೀರಿನಲ್ಲಿ ನಡೆದಿತ್ತು.

"ಬಾವಿ ಹಂತ್ಯಾಕ ಅಲ್ರಿ, ಗ್ವಾಡಿ ಕಡೆಯಿಂದ ಹಾಕ್ರಿ," ಎಂದಳು. "ಮೋರಿ ನೀರು ಅಲ್ಲಿಂದನ ಬರ್ತೈತಿ."

ಅವನು ತಲೆ ಎತ್ತಿ ಅವಳನ್ನು ನೋಡಿದ. ರಿಟೈರ್ ಆಗಲು ಇನ್ನು ಆರು ವರ್ಷವಿತ್ತು. ಹಿತ್ತಲು ಮತ್ತೆ ಕರಿ ಮಣ್ಣಾಗಲು ಹತ್ತು ವರ್ಷ ಬೇಕು. ಚೀಲವನ್ನು ಎಳೆದುಕೊಂಡು ಗೋಡೆಯ ಕಡೆ ಹೋದ.