ಕೊಂಡಿಯ ಮಾತು ಕೇಳುತ್ತಿದ್ದ ಖಾಜಾ

ಖಾಜಾಹುಸೇನ ದಿನಾ ಮುಂಜಾನೆ ಒಂದು ಉಕ್ಕಿನ ಕೊಂಡಿಯನ್ನು ಕಿವಿಗೆ ಹಿಡಿದು ನಿಲ್ಲುತ್ತಿದ್ದ, ಫೋನಿನಲ್ಲಿ ಯಾರದೋ ಮಾತು ಕೇಳುವವನ ಹಾಗೆ. ಬೆರಳಿನಿಂದ ಅದರ ಬಾಯಿ ಒತ್ತಿ ಬಿಡುತ್ತಿದ್ದ. ಒಳಗಿನ ಸ್ಪ್ರಿಂಗು ಬಾಯಿಯನ್ನು ಪಟ್ಟನೆ ಮುಚ್ಚಿಸಬೇಕು. “ಟಕ್ ಅಂದ್ರ ಜೀವ ಐತಿ. ಟಸ್ ಅಂದ್ರ ಕೀಲಿಕೈಗೆ ಹಾಕ್ಕೋರಿ,” ಎನ್ನುತ್ತಿದ್ದ. ಹಾಗೆ ಕೆಲಸ ಬಿಟ್ಟ ಕೊಂಡಿಗಳು ಅವನ ಬೈಕಿನ ಕೀಲಿಯಲ್ಲಿ, ಅವನವ್ವನ ಹಾಲಿನ ಕ್ಯಾನಿನಲ್ಲಿ ಜೋತಾಡುತ್ತಿದ್ದವು.

ಯಲಬುರ್ಗಾ ಕಡೆಯ ಗಾಳಿಯಂತ್ರಗಳ ದುರಸ್ತಿ ನಮ್ಮಿಬ್ಬರ ಕೆಲಸ. ನಾನು ಮೂರು ವರ್ಷ ಮೊದಲೇ ಸೇರಿದವನು. ಸೊಂಟಪಟ್ಟಿಯ ಕೊಂಡಿಯನ್ನು ಉಕ್ಕಿನ ಹಗ್ಗಕ್ಕೆ ಸಿಕ್ಕಿಸಿ, ಕಂಬದೊಳಗಿನ ಏಣಿ ಹತ್ತುವುದನ್ನು ಅವನಿಗೆ ಕಲಿಸಿದ್ದೇ ನಾನು. ಕಾಲು ಜಾರಿದರೆ ಹಿಡಿದು ನಿಲ್ಲಿಸುವುದು ಆ ಕೊಂಡಿಯೇ. ವರ್ಷ ತುಂಬುವುದರೊಳಗೆ ಎಂಜಿನಿಯರರು ಜೀಪಿನಿಂದ ಇಳಿಯುತ್ತಲೇ “ಖಾಜಾ ಎಲ್ಲಿ ಅದಾನ?” ಎನ್ನತೊಡಗಿದರು. ಕೆಳಗೆ ನಿಂತು ಸಾಮಾನು ಕೊಡುವುದು ನನ್ನ ಪಾಲಿಗೆ ಬಂತು. ಮೇಲಿನಿಂದ ಅವನ ಹಾಡು ಕೇಳಿದರೆ ಹೊಟ್ಟೆ ಉರಿಯುತ್ತಿತ್ತು. ಒಮ್ಮೆ ನನ್ನ ಹೆಂಡತಿ, “ಖಾಜಾನಂಗ ನೀವೂ ಒಂದೀಟು ನಗ್ರಿ,” ಎಂದಳು. ಎರಡು ದಿನ ಅವಳೊಡನೆ ಮಾತು ಬಿಟ್ಟೆ.

ಒಂದು ದಿನ ಮುಂಜಾನೆ ಅವನು ಚಹಾ ಕುಡಿಯುತ್ತಿದ್ದಾಗ ಅವನ ಕೊಂಡಿ ನನ್ನ ಕೈಗೆ ಬಂತು. ಒತ್ತಿ ಬಿಟ್ಟರೆ ಬಾಯಿ ಅರ್ಧಕ್ಕೇ ನಿಂತಿತು. ಹೇಳಬೇಕಿತ್ತು. ಹೇಗೂ ಅವನೇ ನೋಡುತ್ತಾನಲ್ಲ ಎಂದು ಸಬೂಬು ಹೇಳಿಕೊಂಡು ಇದ್ದಲ್ಲೇ ಇಟ್ಟೆ. ಅಂದು ಎಂಜಿನಿಯರರದು ಭಾರಿ ಅವಸರ. ಖಾಜಾ ಕೊಂಡಿಯನ್ನು ಕಿವಿಗೆ ಹಿಡಿಯದೆ ನಡೆದೇಬಿಟ್ಟ. ಕಂಬದ ಬಾಗಿಲಲ್ಲಿ ಇಣುಕಿದೆ, ನಾಲ್ಕು ಮೆಟ್ಟಿಲು ಏರಿದ್ದ.

“ಖಾಜಾ, ಇಳಿ! ಕೊಂಡಿ ಕೆಟ್ಟೈತಿ!”

ಇಳಿದು ಒತ್ತಿ ನೋಡಿದ. “ನಿನಗ ಹೆಂಗ ಗೊತ್ತಾತು, ಮಲ್ಲಣ್ಣ?”

“ಮುಂಜಾನೇ ನೋಡಿದ್ದೆ.”

ಕೆಟ್ಟ ಕೊಂಡಿಯನ್ನು ನನ್ನ ಕೈಗೆ ಕೊಟ್ಟ. ಬೇರೆ ಕೊಂಡಿ ತಗೊಂಡು ಹತ್ತಿದ. ಅಂದು ಹಾಡಲಿಲ್ಲ. ಯಾರಿಗೂ ಹೇಳಲೂ ಇಲ್ಲ.

ಕಳೆದ ವರ್ಷ ಹೊಸಬರಿಗೆ ಕಂಬ ಹತ್ತುವುದನ್ನು ಕಲಿಸಲು ತಮಿಳುನಾಡಿನ ಕಡೆ ಅವನನ್ನು ಕರೆದರು. ನನ್ನನ್ನು ಯಾರೂ ಕೇಳಲಿಲ್ಲ. ಕುಷ್ಟಗಿ ಬಸ್‌ಸ್ಟ್ಯಾಂಡಿನಲ್ಲಿ ಬೀಳ್ಕೊಡಲು ಹೋದೆ. ಕಿಟಕಿಯಿಂದ ಕೈ ಚಾಚಿ ನನ್ನ ಕೈ ಹಿಡಿದ.

“ಅಲ್ಲಿ ಹುಡುಗರಿಗೆ ನಿನ್ನ ಸುದ್ದಿ ಹೇಳ್ತೀನಿ, ಅಣ್ಣಾ.”

ಕೈ ಹಿಂದಕ್ಕೆಳೆದುಕೊಂಡೆ. “ಏನಂತ?”

“ಕೂಗಿ ನನ್ನ ಇಳಿಸಿಕೊಂಡಾಂವ ಅಂತ.”

ಬಸ್ಸು ಹೊರಟಿತು. ಅಷ್ಟು ದೊಡ್ಡ ಮನಸ್ಸು ಅವನಿಗೇ ಏಕೆ ಬಂತು ಎಂದು ಉರಿದುಕೊಳ್ಳುತ್ತ ನಿಂತವನು, ಕೈ ಬೀಸುವುದನ್ನೇ ಮರೆತೆ.