ಸ್ಪ್ಯಾನಿಷ್ ಶಿಬಿರಕ್ಕೆ ಜೊತೆಗೊಬ್ಬ

ನನ್ನ ಗಂಡನ ಮನೆಯಲ್ಲಿ ಒಂದು ಮಿಕ್ಸಿ ತಗೊಳ್ಳೋದಕ್ಕೂ ಗುಬ್ಬಿಯಲ್ಲಿರುವ ಭಾವನವರನ್ನು ಒಂದು ಮಾತು ಕೇಳಬೇಕು. ಭಾವ ಅಂದರೆ ನಮ್ಮವರ ಅಣ್ಣ. ಮಾವ ಬೇಗ ತೀರಿಕೊಂಡರು. ಇವರನ್ನು ಓದಿಸಿ, ನೌಕರಿಗೆ ಹಚ್ಚಿ, ಮದುವೆ ಮಾಡಿದ್ದು ಆ ಅಣ್ಣನೇ. ಅದನ್ನ ನಾನು ಇಲ್ಲ ಅನ್ನಲ್ಲ. ಆದರೆ ತುಮಕೂರಿನಲ್ಲಿ ಮನೆ ಮಾಡಿ ಇಷ್ಟು ವರ್ಷವಾದ ಮೇಲೂ ಗೋಡೆಗೆ ಯಾವ ಬಣ್ಣ ಅನ್ನೋದಕ್ಕೂ ಗುಬ್ಬಿಗೇ ಫೋನು ಹೋಗುತ್ತೆ. ಅಲ್ಲಿ ಭಾವ ಅರ್ಚಕರನ್ನ ಒಂದು ಮಾತು ಕೇಳ್ತಾರೆ, ಎದುರು ಮನೆ ಮೇಷ್ಟ್ರನ್ನ ಒಂದು ಮಾತು ಕೇಳ್ತಾರೆ. ಹೀಗೆ ಊರೆಲ್ಲ ಕೇಳಿ ಮುಗಿಯೋ ಹೊತ್ತಿಗೆ, ಬೇಕು ಅಂದವರಿಗೇ ಏನು ಬೇಕಾಗಿತ್ತು ಅನ್ನೋದು ಮರೆತುಹೋಗಿರುತ್ತೆ.

ಮಗಳು ಎಂಟನೇ ಕ್ಲಾಸಿನಲ್ಲಿದ್ದಾಗ ಫೋನಿನಲ್ಲಿ ತಾನಾಗೇ ಸ್ಪ್ಯಾನಿಷ್ ಕಲಿಯೋಕೆ ಶುರು ಮಾಡಿದಳು. ಯಾಕೆ ಅಂದರೆ, "ಬಾಯಲ್ಲಿ ಆಡೋಕೆ ಚೆನ್ನಾಗಿದೆ ಕಣಮ್ಮ" ಅಂದಳು. ಆ ಕಾರಣ ನನಗೆ ಸಾಕಾಗಿತ್ತು. ಒಂಬತ್ತಕ್ಕೆ ಬರುವಷ್ಟರಲ್ಲಿ ನನ್ನ ಅಡುಗೆಮನೆ ಅರ್ಧ ಆ ಭಾಷೆಯದಾಯಿತು. ನಾನು ಮುದ್ದೆ ತೊಳಸುತ್ತಿದ್ದರೆ ಪಕ್ಕದಲ್ಲಿ ನಿಂತು "ಪ್ರೆಗುಂತಾಮೆ" ಅನ್ನುವಳು. ನನ್ನನ್ನ ಕೇಳು ಅಂತ. ಸೌಟಿಗೇನು, ಉಪ್ಪಿಗೇನು, ಒಲೆ ಆರಿಸು ಅನ್ನೋದಕ್ಕೇನು ಅಂತ ನಾನು ಕಣ್ಣಿಗೆ ಬಿದ್ದಿದ್ದನ್ನೆಲ್ಲ ಕೇಳುವೆ, ಅವಳು ಹೇಳುವಳು. ಡಬ್ಬಿಯಲ್ಲಿದ್ದ ಕೋಡುಬಳೆ ಯಾರೇ ಖಾಲಿ ಮಾಡಿದ್ದು ಅಂತ ಗದರಿದರೆ "ನಾದಿಯೆ" ಅಂತ ಓಡುವಳು. ಯಾರೂ ಇಲ್ಲ ಅಂತ ಅರ್ಥ. ಆಮೇಲಾಮೇಲೆ ಕಚೇರಿಯಲ್ಲಿ ಫೈಲು ಯಾರು ತಗೊಂಡು ಹೋದ್ರು ಅಂತ ಸಾಹೇಬರು ಕೇಳಿದರೆ ನನ್ನ ನಾಲಿಗೆ ತುದಿಗೂ ಅದೇ ಬರುತ್ತಿತ್ತು.

ಕಳೆದ ವರ್ಷ ಬೇಸಿಗೆ ರಜಕ್ಕೆ ಮುಂಚೆ ಒಂದು ದಿನ, "ಫೋನ್ ಜೊತೆ ಎಷ್ಟು ಅಂತ ಮಾತಾಡ್ಲಮ್ಮ, ಜನ ಬೇಕು" ಅಂದಳು. ಹುಡುಕಾಟ ಶುರುವಾಯಿತು. ಆನ್‌ಲೈನ್ ಕ್ಲಾಸನ್ನ ಅವಳೇ ಬೇಡ ಅಂದಳು. ಅದೂ ಫೋನೇ ತಾನೆ. ಕ್ಯಾತ್ಸಂದ್ರದಲ್ಲಿ ಒಂದು ಶಿಬಿರ ಇತ್ತು. ಅದರ ಪೋಸ್ಟರಿನಲ್ಲಿ ಸ್ಪ್ಯಾನಿಷ್, ಕರಾಟೆ, ವೇದಗಣಿತ, ರೋಬೋಟು ಎಲ್ಲ ಒಂದೇ ರಜದಲ್ಲಿ. ಮಗಳು ತಾನೇ ಫೋನ್ ಮಾಡಿ, "ಊಟದ ಹೊತ್ತಲ್ಲೂ ಸ್ಪ್ಯಾನಿಷೇನಾ ಸರ್?" ಅಂತ ಕೇಳಿದಳು. "ಊಟಕ್ಕೆ ಚಪಾತಿ, ಪಲ್ಯ, ಅನ್ನ, ಸಾರು ಇರುತ್ತಮ್ಮ" ಅಂದ ಆ ಪುಣ್ಯಾತ್ಮ. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಮೂರನೆಯದು ಕುಣಿಗಲ್ ದಾಟಿದ ಮೇಲೆ, ಒಂದು ವಸತಿ ಶಾಲೆಯ ಕಟ್ಟಡದಲ್ಲಿ. ಹೈಸ್ಕೂಲ್ ಮಕ್ಕಳಿಗೇ ಅಂತ ಮಾಡಿದ್ದು. ಮೂರು ವಾರ ಅಲ್ಲೇ ಇರಬೇಕು, ಫೋನು ಕೊಟ್ಟುಬಿಡಬೇಕು, ಹಾಸಿಗೆಯಿಂದ ಎದ್ದು ಮತ್ತೆ ಹಾಸಿಗೆಗೆ ಹೋಗೋವರೆಗೂ ಸ್ಪ್ಯಾನಿಷ್ ಬಿಟ್ಟು ಬೇರೆ ಮಾತಿಲ್ಲ. ವಾರಕ್ಕೊಂದು ಸಲ ಮನೆಗೆ ಫೋನ್ ಮಾಡುವಾಗ ಮಾತ್ರ ಕನ್ನಡ. ನಡೆಸುತ್ತಿದ್ದ ಟೀಚರ್ ಆ ಭಾಷೆ ಆಡುವ ದೇಶದಲ್ಲಿ ವರ್ಷಗಟ್ಟಲೆ ಇದ್ದು ಬಂದ ಹೆಂಗಸು. ಒಂದು ಭಾನುವಾರ ನಾನೂ ಮಗಳೂ ಹೋಗಿ ನೋಡಿದೆವು. ಹುಡುಗಿಯರ ಕೋಣೆ, ಬಚ್ಚಲಿನ ಚಿಲಕ, ರಾತ್ರಿ ಜೊತೆಗಿರುವ ಆಯಾ, ನೀರು, ಕಾಂಪೌಂಡು, ಒಂದನ್ನೂ ಬಿಡದೆ ನೋಡಿದೆ. ಹೊರಡುವಾಗ ಟೀಚರ್ ಮಗಳಿಗೆ ಒಂದು ಮಾತು ಹೇಳಿದರು. "ಗೊತ್ತಿರೋರ ಜೊತೆ ಬರಬೇಡ. ಇಬ್ಬರು ಗೊತ್ತಿರೋರು ಸೇರಿದರೆ ಮೂಲೆಯಲ್ಲಿ ಕನ್ನಡ ಶುರುವಾಗುತ್ತೆ. ಒಬ್ಬಳೇ ಬಾ. ಮೊದಲ ವಾರ ಅಳು ಬರುತ್ತೆ, ಆಮೇಲೆ ಮಾತು ಬರುತ್ತೆ." ಬಸ್ಸಿನಲ್ಲಿ ವಾಪಸ್ ಬರುವಾಗಲೇ ಇದೇ ಅಂತ ಗಟ್ಟಿ ಮಾಡಿಕೊಂಡೆವು.

"ಅಣ್ಣನ್ನ ಒಂದು ಮಾತು ಕೇಳೋಣ" ಅಂದರು ನಮ್ಮವರು.

ಗುಬ್ಬಿಗೆ ಹೋದೆವು. ಭಾವ ಬೇಡ ಅನ್ನಲಿಲ್ಲ, ಅದನ್ನೂ ಹೇಳಿಬಿಡ್ತೀನಿ. "ಕಲೀಲಿ ಬುಡು, ಕಲ್ಯೋದು ತಪ್ಪಾ?" ಅಂದರು. ನನ್ನ ಜೀವಕ್ಕೆ ತಂಪಾಯಿತು. ಕಾಫಿ ಲೋಟ ಕೆಳಗಿಟ್ಟು, "ಆದ್ರೆ ಹೆಣ್ಮಗ ಒಬ್ಳನ್ನೇ ಕಳ್ಸೋದು ಬ್ಯಾಡ. ಜೊತೆಗೆ ನಮ್ಮ ಹುಡುಗನೂ ಹೋಗ್ಲಿ" ಅಂದರು. ಅವರ ಮಗನೂ ಒಂಬತ್ತನೇ ಕ್ಲಾಸು. ನಮ್ಮ ಮನೆಯ ಪದ್ಧತಿ ಅದು. ಹೆಣ್ಣುಮಕ್ಕಳು ಎಲ್ಲಿಗೆ ಹೊರಟರೂ ಜೊತೆಗೊಬ್ಬ ಗಂಡು ಬೇಕು. ಸ್ಕೂಲಿನಿಂದ ದೇವರಾಯನದುರ್ಗಕ್ಕೆ ಒಂದು ದಿನದ ಪ್ರವಾಸ ಹೋದಾಗಲೂ ಇದೇ ಹುಡುಗ, ಬೇರೆ ಶಾಲೆಯವನು, ಬಸ್ಸಿನ ಹಿಂದೆ ಬೈಕಿನಲ್ಲಿ ಅವನಪ್ಪನ ಜೊತೆ ಬಂದಿದ್ದ.

ಹುಡುಗ ದಿವಾನದ ಮೇಲೆ ಬಿದ್ದುಕೊಂಡು ಫೋನಿನಲ್ಲಿ ಏನೋ ಆಡುತ್ತಿದ್ದ. "ಏನ್ಲಾ, ಹೋಗ್ತೀಯೇನ್ಲಾ?" ಅಂದರು ಭಾವ. ತಲೆ ಎತ್ತದೆ "ಹೂಂ" ಅಂದ. ಅವನನ್ನ ಕೇಳಿದರು, ಇದನ್ನ ಯಾರೂ ಮರೀಬಾರದು.

ನಾನು ಸುಮ್ಮನಿರಲಿಲ್ಲ. ಟೀಚರ್ ಹೇಳಿದ್ದನ್ನ ಹಾಗೇ ಹೇಳಿದೆ. ಭಾವ ನಕ್ಕರು. "ಆಯಮ್ಮಂಗೆ ಭಾಷೆ ಗೊತ್ತು ಕಣಮ್ಮ, ನಮ್ಮ ಮನೆ ಗೊತ್ತಿಲ್ಲ." ನಮ್ಮವರ ಕಡೆ ನೋಡಿದೆ. ಅವರು ಅಂಗಳದಲ್ಲಿ ಒಣಗಲು ಹಾಕಿದ್ದ ಕೊಬ್ಬರಿ ನೋಡುತ್ತಿದ್ದರು. ಅಣ್ಣನ ಮುಂದೆ ಆ ಮನುಷ್ಯನ ಬಾಯಿಗೆ ಬೀಗ. ಆ ಹುಡುಗನ ಜೊತೆ ಹೋಗೋದು, ಇಲ್ಲ ಹೋಗೋದೇ ಬೇಡ, ಅಷ್ಟೇ ಉಳಿದಿದ್ದು. ಮಗಳು ನನ್ನ ಕೈ ಅದುಮಿ, "ಬರ್ಲಿ ಬಿಡಮ್ಮ, ಬೇರೆ ಗುಂಪಿಗೆ ಹಾಕಿಸ್ಕೋತೀನಿ" ಅಂದಳು.

ಟೀಚರ್ ಮುಖ ಸಿಂಡರಿಸಿಕೊಂಡೇ ಇಬ್ಬರನ್ನೂ ಸೇರಿಸಿಕೊಂಡು, ಬೇರೆ ಬೇರೆ ಗುಂಪಿಗೆ ಹಾಕಿದರು. ಎತ್ತು ಏರಿಗೆಳೀತು, ಕೋಣ ನೀರಿಗೆಳೀತು ಅನ್ನೋ ಹಾಗೆ, ಇವಳು ಅಲ್ಲಿ ಒಂದೊಂದೇ ವಾಕ್ಯ ಕಟ್ಟುತ್ತಿದ್ದರೆ ಅವನು ಮಂಕು ಹಿಡಿದು ಕೂತ. ಪಾಪ, ಹುಡುಗನನ್ನ ನಾನು ಬೈಯಲ್ಲ. ಅವನಿಗೆ ಒಂದಕ್ಷರ ಸ್ಪ್ಯಾನಿಷ್ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ತಂಗಿಯ ಕಾವಲಿಗೆ ಹೋದವನಿಗೆ ಒಂದು ಲೋಟ ನೀರು ಕೇಳೋಕೂ ಬಾಯಿ ಬರುತ್ತಿರಲಿಲ್ಲ.

ಮೊದಲ ವಾರದ ಫೋನಿನಲ್ಲಿ ಮಗಳ ದನಿಯೇ ಬೇರೆಯಾಗಿತ್ತು. ಶನಿವಾರ ಅಲ್ಲಿ ಸಂತೆ ಮಾಡುತ್ತಾರಂತೆ. ಮಕ್ಕಳೇ ಅಂಗಡಿಯವರು, ಮಕ್ಕಳೇ ಗಿರಾಕಿಗಳು, ಎಲ್ಲ ಸ್ಪ್ಯಾನಿಷಿನಲ್ಲಿ. "ನಂದು ತರಕಾರಿ ಅಂಗಡಿ ಕಣಮ್ಮ. ಟೀಚರೇ ಗಿರಾಕಿಯಾಗಿ ಬಂದು ಚೌಕಾಸಿ ಮಾಡ್ತಾರಂತೆ. ನಾನು ಬಿಡ್ತೀನಾ? ಬೆಳ್ಳಾವಿ ಸೊಪ್ಪಿನಜ್ಜಿ ಥರ ಗಟ್ಟಿಯಾಗಿ ಕೂತ್ಕೋತೀನಿ." ಸೊಪ್ಪಿನಜ್ಜಿ ನಮ್ಮ ಬೀದಿಗೆ ಬರುವ ಹೆಂಗಸು, ಒಂದು ಕಂತೆಯನ್ನೂ ಕಡಿಮೆಗೆ ಕೊಟ್ಟವಳಲ್ಲ. ನಾನು ನಗುತ್ತಾ ಫೋನಿಟ್ಟೆ.

ಅದೇ ಶುಕ್ರವಾರ ಸಾಯಂಕಾಲ ಕಚೇರಿಯಲ್ಲಿದ್ದಾಗ ನಮ್ಮವರ ಫೋನು. ಹಿಂದೆ ಹೋಟೆಲಿನ ತಟ್ಟೆ ಲೋಟದ ಸದ್ದು. ಕುಣಿಗಲಿನಲ್ಲಿದೀವಿ ಅಂದರು. ಹುಡುಗ ಬೆಳಿಗ್ಗೆ ಆಫೀಸ್ ರೂಮಿನಿಂದ ಅವನಪ್ಪನಿಗೆ ಫೋನ್ ಮಾಡಿ ಅತ್ತನಂತೆ. ಭಾವ ಕಾರು ತಗೊಂಡು, ಇವರನ್ನೂ ಹತ್ತಿಸಿಕೊಂಡು ಹೋಗಿ ಕರೆದುಕೊಂಡು ಬಂದರಂತೆ.

"ಕರ್ಕೊಂಡ್ ಬರ್ಲಿ, ಪಾಪ" ಅಂದೆ. "ನಮ್ಮ ಹುಡುಗಿ ಹೆಂಗಿದಾಳೆ? ನೋಡಿದ್ರಾ?"

"ಇಲ್ಲೇ ಇದಾಳೆ. ಇಬ್ರನ್ನೂ ಕರ್ಕೊಂಡ್ ಬಂದ್ವಿ."

"ಅವಳನ್ನ ಯಾಕ್ರೀ?"

"ಅವನಿಲ್ದೆ ಒಬ್ಳನ್ನೇ ಹೆಂಗೆ ಬಿಡೋದು? ಅಣ್ಣ ಒಪ್ಪಲಿಲ್ಲ."

ನಾಳೆ ಅವಳ ಸಂತೆ ಕಣ್ರೀ ಅಂದೆ. ಯಾವ ಸಂತೆ ಅಂದರು. ಈಗಲೇ ಗಾಡಿ ತಿರುಗಿಸಿ ಅಂತ ಕಚೇರಿ ಅನ್ನೋದನ್ನೂ ಮರೆತು ಕೂಗಾಡಿದೆ. ಭಾವ ಫೋನು ಇಸಿದುಕೊಂಡು, "ಆಯ್ತು ಬುಡಮ್ಮ, ಮಕ್ಳು ಮನೆಗೆ ಬಂದ್ರೆ ಅಳ್ತಾರ?" ಅಂತ ಸಮಾಧಾನ ಹೇಳಿದರು.

ಅವಳು ಅಳುತ್ತಿರಲಿಲ್ಲ. ಮನೆಗೆ ಬಂದು ಬ್ಯಾಗು ಮೂಲೆಗಿಟ್ಟು, ಕೈಕಾಲು ತೊಳೆದು, ನನ್ನ ಎದುರು ಕೂತಳು. "ನಾನು ಅಳಲಿಲ್ಲ ಕಣಮ್ಮ. ಅತ್ತಿದ್ದು ಅವನು" ಅಂದಳು. ಎರಡು ಸಲ ಅದನ್ನೇ ಹೇಳಿದಳು. ನನಗೆ ಗೊತ್ತಿಲ್ಲ ಅಂದುಕೊಂಡಳೋ ಏನೋ.

ಮಾರನೇ ಬೆಳಿಗ್ಗೆಯೇ ನಾನೇ ಬಸ್ಸಿನಲ್ಲಿ ವಾಪಸ್ ಬಿಟ್ಟು ಬರ್ತೀನಿ ಅಂತ ಟೀಚರಿಗೆ ಫೋನ್ ಮಾಡಿದೆ. ಅವರು ಬೇಜಾರಿನಲ್ಲೇ ಇದ್ದರು. ನಡುವೆ ಹೋದವರನ್ನ ಮತ್ತೆ ಸೇರಿಸಿಕೊಳ್ಳಲ್ಲ, ಉಳಿದ ಮಕ್ಕಳೂ ಮನೆ ಮನೆ ಅನ್ನೋಕೆ ಶುರು ಮಾಡ್ತಾರೆ ಅಂದರು. ಬೇಡಿಕೊಂಡೆ, ಜಗಳ ಆಡಿದೆ. "ನಿಮ್ಮ ಹುಡುಗಿ ಒಬ್ಬಳೇ ಬಂದಿದ್ರೆ ಇದೆಲ್ಲ ಇರ್ತಿರಲಿಲ್ಲ" ಅಂದರು.

ನಮ್ಮವರ ಜೊತೆ ತುಂಬಾ ದಿನ ನಾನು ನೆಟ್ಟಗೆ ಮಾತಾಡಲಿಲ್ಲ. ಮಗಳು ಮಾತು ಬಿಡಲಿಲ್ಲ, ಉಂಡಳು, ಓದಿದಳು, ಹತ್ತನೇ ಕ್ಲಾಸಿಗೆ ಹೋದಳು. ಅಡುಗೆಮನೆಗೆ ಬಂದು ಪ್ರೆಗುಂತಾಮೆ ಅನ್ನೋದು ಮಾತ್ರ ನಿಂತುಹೋಯಿತು. ನಾನಾಗೇ ಒಂದು ದಿನ ಸೌಟು ಎತ್ತಿ ತೋರಿಸಿ ಇದಕ್ಕೇನೇ ಅಂದರೆ, "ಸೌಟು" ಅಂದು ಹೋದಳು.

ಗೌರಿ ಹಬ್ಬಕ್ಕೆ ಗುಬ್ಬಿಗೆ ಹೋಗಲೇಬೇಕಿತ್ತು, ಹೋದೆವು. ನಡುಮನೆ ತುಂಬ ನೆಂಟರು. ಭಾವ ಎಲ್ಲರ ಮುಂದೆ ಮಗಳ ಭುಜದ ಮೇಲೆ ಕೈ ಹಾಕಿ, "ನಮ್ಮನೆ ಹುಡುಗಿ ಸ್ಪ್ಯಾನಿಷ್ ಕಲ್ತವ್ಳೆ. ನಾನೇ ಕ್ಯಾಂಪಿಗೆ ಕಳ್ಸಿದ್ದು" ಅಂದರು. "ಒಂದೆರಡು ಮಾತಾಡವ್ವ, ಎಲ್ಲ ಕೇಳ್ಲಿ" ಅಂದರು.

ಮಗಳು ಅವರ ಮುಖ ನೋಡಿ, ಸ್ಪಷ್ಟವಾಗಿ, ನಿಧಾನವಾಗಿ ಹೇಳಿದಳು. "ನಾದಿಯೆ ಮೆ ಪ್ರೆಗುಂತೊ."

ಎಲ್ಲರೂ ಚಪ್ಪಾಳೆ ತಟ್ಟಿದರು. ಹುಡುಗನೂ ತಟ್ಟಿದ. ಎಷ್ಟು ಚೆಂದ ಕೇಳ್ಸುತ್ತೆ ಅಂದರು ಯಾರೋ. ಭಾವ ಹೆಮ್ಮೆಯಿಂದ ನನ್ನ ಕಡೆ ತಿರುಗಿ, "ಏನಂದ್ಲು? ನಿಂಗೂ ಬತ್ತದಂತಲ್ಲ" ಅಂದರು.

"ನನ್ನನ್ನ ಯಾರೂ ಕೇಳಲಿಲ್ಲ ಅಂದ್ಲು ಭಾವ" ಅಂದೆ. ಮೂಲೆಯಲ್ಲಿದ್ದವರಿಗೂ ಕೇಳುವ ಹಾಗೇ ಅಂದೆ.

ಚಪ್ಪಾಳೆ ನಿಂತಿತು. ನಮ್ಮವರು ತಲೆ ತಗ್ಗಿಸಿದರು. ಭಾವನವರು ಮಗಳನ್ನ ನೋಡಿದರು, ನನ್ನನ್ನ ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಎಷ್ಟೋ ಮೇಲಿತ್ತು.

"ಏನು ಕೇಳ್ಬೇಕಿತ್ತು?" ಅಂದರು. ನಿಜವಾಗಲೂ ಗೊತ್ತಾಗದೆ ಕೇಳಿದರು.

ಮಗಳು ಅವರ ಕೈಯನ್ನ ಭುಜದಿಂದ ಮೆಲ್ಲಗೆ ತೆಗೆದು, ಊಟಕ್ಕೆ ಎಲೆ ಹಾಕೋಕೆ ಎದ್ದು ಹೋದಳು.